ಕಲ್ಲಿನ ಜೊತೆ ಬಂದವರು

ತಂಗಿಯ ಹೊಲಿಗೆ ಕೋಣೆಯಲ್ಲಿ ‘ಟಕ್’ ಎಂದಾಗ ನಾವಿಬ್ಬರೂ ಮೊದಲು ಮಿಷನ್ನಿನ ಕಡೆ ನೋಡಿದೆವು. ಸೂಜಿ ಮುರಿದರೆ ಹಾಗೇ ಸದ್ದಾಗುತ್ತದೆ. ಸೂಜಿ ನೆಟ್ಟಗೆ ನಿಂತಿತ್ತು. ಮತ್ತೊಮ್ಮೆ ‘ಟಕ್’. ಈ ಸಲ ಗೊತ್ತಾಯಿತು, ಸದ್ದು ಬಂದದ್ದು ಎದುರು ಗೋಡೆಯ ಗಾಜಿನ ತೊಟ್ಟಿಯೊಳಗಿನಿಂದ.

ಅದು ಉಪ್ಪುನೀರಿನ ತೊಟ್ಟಿ. ಒಳಗೆ ಹವಳ, ಕಲ್ಲು, ಮರಳು, ಗಾಜು ಉಜ್ಜುವ ಬಸವನಹುಳುಗಳು, ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆ ಇರುವ ಒಂದು ಜೋಡಿ ಮೀನು. ಅಳತೆ ಕೊಡಲು ಬಂದ ಹೆಂಗಸರು ಅದನ್ನೇ ನೋಡುತ್ತ ನಿಂತುಬಿಡುತ್ತಾರೆ. ಕೈ ಎತ್ತಿ ಎಂದರೆ ಕೇಳಿಸುವುದಿಲ್ಲ. ಯಾರು ಏನೇ ಕೊಂಕು ನುಡಿದರೂ ತಂಗಿಗೆ ಆ ತೊಟ್ಟಿಯ ಮೇಲೆ ಪ್ರಾಣ.

ಹೋದ ತಿಂಗಳು ಅಕ್ವೇರಿಯಂ ಅಂಗಡಿಯಾತ ಸಮುದ್ರದಿಂದ ತೆಗೆದ ಹೊಸ ಕಲ್ಲೊಂದನ್ನು ತಂದು ಕೂರಿಸಿದ್ದ. ಅಂಥ ಕಲ್ಲಿನ ತೂತುಗಳಲ್ಲಿ ಯಾರ್ಯಾರೋ ಅಡಗಿ ಕೂತು ಬಂದುಬಿಡುತ್ತಾರಂತೆ. ಆಮೇಲಿನಿಂದ ಬಸವನಹುಳುಗಳು ಒಂದೊಂದಾಗಿ ಸಾಯತೊಡಗಿದವು. ಬೆಳಿಗ್ಗೆ ಎದ್ದರೆ ಖಾಲಿ ಚಿಪ್ಪು. ಅದೇ ಹೊತ್ತಿಗೆ ಜೋಡಿ ಮೀನು ಅದೇ ಕಲ್ಲಿನ ಬುಡಕ್ಕೆ ಮೊಟ್ಟೆ ಅಂಟಿಸಿತ್ತು. ಹಿಂದೆಲ್ಲ ಇಟ್ಟ ಮೊಟ್ಟೆಯನ್ನು ತಾವೇ ತಿಂದುಹಾಕುತ್ತಿದ್ದವು. ಈ ಸಲ ಗಂಡುಮೀನು ರೆಕ್ಕೆ ಬೀಸುತ್ತ ಕಾವಲು ನಿಂತಿತ್ತು, ಮೊಟ್ಟೆಗಳಲ್ಲಿ ಕಣ್ಣು ಮೂಡಿತ್ತು.

ತಂಗಿ ಅಂಗಡಿಯಾತನಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಅವನ ಮಾತು ನನಗೂ ಕೇಳಿಸಿತು.

“ಟಕ್ ಅಂತಾ? ಹಾಗಾದ್ರೆ ಗುದ್ದೋ ಸಿಗಡಿ, ಮೇಡಂ. ಒಂದು ಗುದ್ದಿಗೆ ಚಿಪ್ಪು ಪುಡಿ ಮಾಡುತ್ತೆ. ಬಸವನಹುಳು ಮುಗಿದ್ಮೇಲೆ ಮೀನಿಗೇ ಬರುತ್ತೆ. ಊಟ ಮುಗಿಸ್ಕೊಂಡು ಬರ್ತೀನಿ, ಕಲ್ಲು ತೆಗೆದು ಸಿಹಿನೀರಲ್ಲಿ ಮುಳುಗಿಸೋಣ, ಒಳಗಿರೋದು ತಾನೇ ಹೊರಗೆ ಬರುತ್ತೆ.”

“ಮೊಟ್ಟೆ?”

“ಮೊಟ್ಟೆ ಹೋಗುತ್ತೆ. ಮೀನಾದ್ರೂ ಉಳೀಲಿ ಮೇಡಂ.”

ತಂಗಿ ಫೋನ್ ಇಟ್ಟು ಕತ್ತರಿ ಹಿಡಿದಳು, ಕತ್ತರಿಸಲಿಲ್ಲ. ಅವಳ ಮುಖ ನೋಡಲಾಗಲಿಲ್ಲ.

ನಾನು ಬಹಳ ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಸದ್ದಿಲ್ಲದೆ ಒಳಗೆ ಬಂದು ಉಳಿದವರನ್ನು ಹುಡುಕಲು ಕಟ್ಟಡ ಕೆಡವಬೇಕಿಲ್ಲ ಎಂಬುದು ನನಗೆ ಗೊತ್ತು.

“ಅವನು ಬರೋಕೆ ಇನ್ನೂ ಹೊತ್ತಿದೆ. ನಾವೇ ನೋಡಿಬಿಡೋಣ, ಏಳೇ,” ಎಂದೆ.

“ಬೆಳಕಿದ್ರೆ ಯಾರೂ ಹೊರಗೆ ಬರಲ್ಲ ಅಕ್ಕ.”

“ಕತ್ತಲೆ ಮಾಡು. ಮನೆ ತುಂಬ ಬಟ್ಟೆ ಇಟ್ಕೊಂಡು ಅಳ್ತೀಯಲ್ಲ!”

ಅವಳ ಕಣ್ಣು ಅರಳಿತು. ತೊಟ್ಟಿಯ ದೀಪ ಆರಿಸಿ, ಕರಿ ಲೈನಿಂಗ್ ಬಟ್ಟೆಯ ಥಾನು ಬಿಚ್ಚಿ ಎರಡು ಪದರ ಹೊದಿಸಿದಳು. ಟಾರ್ಚಿನ ಮುಖಕ್ಕೆ ಕೆಂಪು ಸ್ಯಾಟಿನ್ ಚೂರು ಕಟ್ಟಿದಳು. ಕೆಂಪು ಬೆಳಕು ಈ ಜೀವಗಳ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲವಂತೆ. ಇಬ್ಬರೂ ಬಟ್ಟೆಯೊಳಗೆ ತಲೆ ತೂರಿಸಿ ಉಸಿರು ಬಿಗಿಹಿಡಿದು ಕೂತೆವು.

ಸ್ವಲ್ಪ ಹೊತ್ತಿಗೆ ಕಲ್ಲಿಗೆ ಜೀವ ಬಂತು! ಒಂದು ತೂತಿನಿಂದ ಯಾವುದೋ ಹುಳು ಪುಕ್ಕದ ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಉಗುರಿನಷ್ಟು ಪುಟಾಣಿ ನಕ್ಷತ್ರ ಮೀನು ಗಾಜಿನ ಮೇಲೆ ತೆವಳಿತು. ಇನ್ನೊಂದು ಸಂದಿಯಿಂದ ಮೈತುಂಬ ಬಿಳಿ ಮುಳ್ಳುಗೂದಲಿನ, ಕೆಂಪಗಿನ ಉದ್ದನೆಯ ಹುಳು ಜಾರುತ್ತ ಹೊರಬಂತು.

“ಇವನೇ! ಮುಖ ನೋಡಿದ್ರೇ ಗೊತ್ತಾಗುತ್ತೆ,” ಎಂದು ನಾನು ಕೂಗಿಯೇಬಿಟ್ಟೆ.

“ಅಕ್ಕ, ಅವನು ಕಸ ಗುಡಿಸೋನು. ಮುಟ್ಟಿದ್ರೆ ಚುಚ್ಚುತ್ತಾನೆ ಅಷ್ಟೆ. ನೀನು ಹಾಸ್ಟೆಲಲ್ಲೂ ಹೀಗೇ ಮುಖ ನೋಡಿ ತೀರ್ಪು ಕೊಡ್ತಿದ್ಯಾ?”

“ಮಾತು ಕಮ್ಮಿ ಮಾಡಿ ಟಾರ್ಚ್ ಸರಿಯಾಗಿ ಹಿಡಿ.”

‘ಟಕ್!’ ಗಾಜಿಗೆ ಕಲ್ಲು ಬಿದ್ದಂತೆ. ಕಲ್ಲಿನ ಬುಡದ ಬಿಲದ ಬಾಯಲ್ಲಿ ಒಂದು ಸಿಗಡಿ ನಿಂತಿತ್ತು. ಇಕ್ಕಳದಂಥ ಕೊಂಡಿಗಳಲ್ಲಿ ಒಂದು ಸಣ್ಣದು, ಇನ್ನೊಂದು ಮೈಗೆ ಹೊಂದದಷ್ಟು ದಪ್ಪ. ದಪ್ಪ ಕೊಂಡಿ ತೆರೆದು ಪಟ್ಟನೆ ಮುಚ್ಚಿತು, ಮತ್ತೆ ‘ಟಕ್!’

“ಅಕ್ಕ! ಅಕ್ಕಾ! ಕೊಂಡಿ ನೋಡು!” ತಂಗಿ ನನ್ನ ತೋಳು ಹಿಂಡಿದಳು. “ಗುದ್ದೋ ಸಿಗಡಿಗೆ ಕೊಂಡಿ ಇರಲ್ಲ, ಮಡಚಿದ ಕೈ ಇರುತ್ತೆ. ಇದು ಪಿಸ್ತೂಲು ಸಿಗಡಿ. ಬಿಲ ತೋಡ್ಕೊಂಡು ತನ್ನ ಪಾಡಿಗೆ ಇರೋದು!”

“ಸರಿ, ಗಲಾಟೆ ಮಾಡೋನು ಸಿಕ್ಕಿದ. ತಿಂದೋನು? ಗುದ್ದೋನು ಬೇರೆ ಯಾವ ತೂತಲ್ಲೋ ಇದ್ರೆ?”

ಅವಳು ಎದ್ದು ಹೋಗಿ, ಗುಂಡಿಗಳ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಖಾಲಿ ಚಿಪ್ಪುಗಳನ್ನು ತಂದಳು. ಬಟ್ಟೆಯ ಅಂಚು ನೋಡುವಂತೆ ಒಂದೊಂದರ ಬಾಯಿಯ ಸುತ್ತ ಬೆರಳಾಡಿಸಿದಳು. “ಒಂದಕ್ಕೂ ಬಿರುಕಿಲ್ಲ, ಅಂಚು ಮುಕ್ಕಾಗಿಲ್ಲ. ಒಳಗೆ ತೊಳೆದಿಟ್ಟ ಹಾಗಿದೆ. ಗುದ್ದಿದ್ರೆ ಇವೆಲ್ಲ ಚೂರಾಗ್ಬೇಕಿತ್ತು. ಇದು ಯಾರೋ ಮೆಲ್ಲಗೆ ಹೀರಿ ತಿಂದಿರೋದು.”

“ಹಾಗಿದ್ರೆ ಊಟಕ್ಕೆ ಕರೆಯೋಣ. ಮಾಂಸ ಹಾಕು, ಯಾರು ಎಲೆ ಮುಂದೆ ಕೂರ್ತಾರೆ ನೋಡೋಣ.”

ನಾವು ಮತ್ತೆ ಬಟ್ಟೆಯೊಳಗೆ ತೂರುವಷ್ಟರಲ್ಲಿ ಬಸ್ ಡ್ರೈವರಾಗಿರುವ ಅವಳ ಗಂಡ ಊಟಕ್ಕೆ ಬಂದ. ಕರಿ ಬಟ್ಟೆಯ ಕೆಳಗೆ ನಾಲ್ಕು ಕಾಲು ಮಾತ್ರ ಕಂಡಿರಬೇಕು.

“ಇದೇನು, ಹಳೇ ಕಾಲದವರ ಹಾಗೆ ಫೋಟೋ ತೆಗೀತಿದ್ದೀರಾ?”

“ರೀ, ಫ್ರಿಜ್ಜಿಂದ ಒಂದು ಹಸಿ ಸಿಗಡಿ ತನ್ನಿ, ಬೇಗ!”

“ನನ್ನ ಊಟ?”

“ಮೊದಲು ಇವರದ್ದು!”

ಆತ ಗೊಣಗುತ್ತ ಸಿಗಡಿ ತಂದ, ಗೊಣಗುತ್ತಲೇ ಬಟ್ಟೆಯೊಳಗೆ ತಾನೂ ತಲೆ ತೂರಿಸಿದ. ತಂಗಿ ಚೂರೊಂದನ್ನು ಮರಳಿನ ಮೇಲೆ ಬಿಟ್ಟಳು. ಗಾಜಿನ ಮೇಲಿದ್ದ ಬಸವನಹುಳುಗಳು ತಿರುಗಿಯೂ ನೋಡದೆ ಪಾಚಿ ಕೆರೆಯುತ್ತಲೇ ಇದ್ದವು. ಮುಳ್ಳುಹುಳು ಮೂತಿ ಚಾಚಿತು.

ಆಗ ಮೂಲೆಯಲ್ಲಿ ಮರಳು ಉಬ್ಬಿತು.

ಮೊದಲು ಬಂದದ್ದು ಒಂದು ಸೊಂಡಿಲು. ಆನೆಯ ಸೊಂಡಿಲೇ, ಬೆಂಕಿಕಡ್ಡಿಯಷ್ಟು! ಅತ್ತಿತ್ತ ಮೂಸಿ ನೋಡಿ ಮಾಂಸದ ಕಡೆ ತಿರುಗಿತು. ಅದರ ಹಿಂದೆ ಕಂದು ಚಿಪ್ಪು. ಬಸವನಹುಳು ಅಷ್ಟು ಜೋರಾಗಿ ಓಡುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮುಳ್ಳುಹುಳುವನ್ನು ಒತ್ತರಿಸಿ, ಮಾಂಸವನ್ನು ಮೈಯಡಿಗೆ ಎಳೆದುಕೊಂಡು ಹೀರತೊಡಗಿತು.

“ಸಿಕ್ಕಿದ! ಬಸವನಹುಳುವನ್ನೇ ತಿನ್ನೋ ಬಸವನಹುಳು!” ತಂಗಿ ಕುಳಿತಲ್ಲೇ ಕುಣಿದಳು. “ಚಿಪ್ಪಿನ ತುದೀಲಿ ಸೊಂಡಿಲಿಗೆ ಅಂತ ಕಚ್ಚು ಇದೆ ನೋಡಿ. ನಮ್ಮವಕ್ಕೆ ಬಾಯಿ ದುಂಡಗಿರುತ್ತೆ.”

ಗಂಡ ಮೆಲ್ಲಗೆ ಕೆಮ್ಮಿದ. “ಇವನನ್ನ ನಾನು ಬಲ್ಲೆ. ಪಾಪ ಮರಳಲ್ಲಿ ಬಿದ್ದಿದೆ ಅಂತ ದಿನಾ ಎತ್ತಿ, ಗಾಜಿನ ಮೇಲೆ ಮಿಕ್ಕವರ ಪಕ್ಕದಲ್ಲೇ ಅಂಟಿಸ್ತಿದ್ದೆ.”

ನಾವು ಬಾಯಿ ಬಿಟ್ಟು ಆತನನ್ನೇ ನೋಡಿದೆವು.

“ದಿನಾ?”

“ದಿನಾ.”

“ಊಟದ ಮನೆಗೆ ಕೈಹಿಡಿದು ಕರ್ಕೊಂಡು ಹೋಗಿದ್ದೀರಿ!” ತಂಗಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮೂವರೂ ಬಿದ್ದೂ ಬಿದ್ದೂ ನಕ್ಕೆವು.

ಅಂಗಡಿಯಾತ ಬಕೆಟ್ ಹಿಡಿದು ಬಂದಾಗ ಆ ಕಳ್ಳ, ಖಾಲಿ ಉಪ್ಪಿನಕಾಯಿ ಬಾಟಲಿಯಲ್ಲಿ ಉಪ್ಪುನೀರಿನೊಳಗೆ ಕೂತಿದ್ದ. ತಂಗಿ ಬಾಟಲಿ ತೋರಿಸಿ, ಚಿಪ್ಪುಗಳನ್ನು ಆತನ ಅಂಗೈಗೆ ಸುರಿದಳು. ಆತ ಒಂದೊಂದನ್ನೂ ಬೆಳಕಿಗೆ ಹಿಡಿದ.

“ಹೌದು ಮೇಡಂ, ಗುದ್ದಿದ್ದಲ್ಲ,” ಎಂದ. ಬಟ್ಟೆಯೊಳಗೆ ತೂರಿ ಪಿಸ್ತೂಲು ಸಿಗಡಿಯನ್ನು ಕಂಡಾಗಲಂತೂ “ಆಹಾ, ಎಂಥಾ ಕೊಂಡಿ!” ಎಂದು ಮಗುವಿನಂತೆ ಕೂಗಿದ. “ಫೋನಲ್ಲಿ ಸದ್ದಿನ ವಿಷಯ ಕೇಳಿಯೇ ಹೇಳಿಬಿಟ್ಟೆ, ನನ್ನದೇ ಅವಸರ. ಕಲ್ಲು ಇಲ್ಲೇ ಇರಲಿ. ಈ ಬಾಟಲಿಯವನನ್ನ ಅಂಗಡೀಲಿ ಒಂಟಿಯಾಗಿ ಸಾಕ್ತೀನಿ. ಇವನ ಜೊತೆಗಾರ ಇದ್ದಾನಾ ಅಂತ ಒಮ್ಮೆ ಮರಳು ನೋಡಿಬಿಡ್ಲಾ?”

ತಂಗಿ ಲೈನಿಂಗ್ ಸರಿಸಿ ದೀಪ ಹಾಕಿದಳು. ಆತ ಅಂಗಿಯ ತೋಳು ಮಡಚಿ ಕೈ ಇಳಿಸಿ, ಮರಳಿನಲ್ಲಿ ಬೆರಳಾಡಿಸುತ್ತ ಕಲ್ಲಿನ ಬುಡದ ಹತ್ತಿರ ಹೋದ.

“ಅಯ್ಯಯ್ಯೋ!” ಕೈ ಕಿತ್ತುಕೊಂಡ ರಭಸಕ್ಕೆ ನಮ್ಮೆಲ್ಲರ ಮುಖಕ್ಕೂ ಉಪ್ಪುನೀರು ಸಿಡಿಯಿತು.

ಹೆಬ್ಬೆರಳಿನಷ್ಟಿದ್ದ ಗಂಡುಮೀನು ಅವನ ಬೆರಳು ಕಚ್ಚಿ, ಸಾಲದೆಂಬಂತೆ ಗಾಜಿನವರೆಗೂ ಅಟ್ಟಿಸಿಕೊಂಡು ಬಂದಿತ್ತು. ನಮ್ಮ ನಾಲ್ವರ ಮುಖವನ್ನೂ ದುರುಗುಟ್ಟಿ ನೋಡಿ, ತಿರುಗಿ ಹೋಗಿ ಮೊಟ್ಟೆಗಳ ಮೇಲೆ ರೆಕ್ಕೆ ಬೀಸತೊಡಗಿತು.

“ಕಚ್ಚಲಿ ಬಿಡಿ,” ಎಂದಳು ತಂಗಿ, ಮುಖವನ್ನೂ ಒರೆಸಿಕೊಳ್ಳದೆ. “ಅವನ ಮನೆ ಅದು.”