ಕೈಗೆ ಕೊಡದ ಸೀಗೆಪುಡಿ

“ನಾಕ್ನೇ ಕಿಲಾಸು ದಾಟ್ನಿಲ್ಲ, ಮುಳ್ಳು ಸಾಕ್ಕಂಡು ಕುಂತವ್ನೆ. ಲೇ ಹುಚ್ಚೀರ, ನೀನೂ ನಿನ್ ಸೀಗೆಬೇಲಿನೂ ಒಂದೇ ಕಣ್ಲಾ. ಓಗೋರ್ ಬರೋರ್ ಪಂಚೆ ಹರಿಯೋದ್ ಬುಟ್ರೆ ಇನ್ನೇನ್ ಗೊತ್ತು?”

ಊರ ಯಜಮಾನ ಹೊನ್ನಯ್ಯ ಹೀಗೆಂದಾಗ ಅರಳಿಕಟ್ಟೆಯ ತುಂಬ ಇದ್ದವರು ಹೊಟ್ಟೆ ಹಿಡಿದು ನಕ್ಕರು. ಹುಚ್ಚೀರಯ್ಯನ ಕಿವಿ ಕಾದ ಹೆಂಚಾಯಿತು.

ಜಗಳವೆಲ್ಲ ಕಟ್ಟೆಯೆದುರಿನ ಆ ಬೇಲಿಯದೇ. ನಾಲೆ ನೀರು ಬಂದಮೇಲೆ ಹೊನ್ನಯ್ಯ ಗದ್ದೆಗೆಲ್ಲ ಕಬ್ಬು ಹಾಕಿದ್ದ. ಬೆಲ್ಲದ ಗಾಡಿ ಕಿರುಗಾವಲಿನ ರಸ್ತೆಗೆ ಸುತ್ತಿ ಹೋಗುವುದು ಅವನಿಗೆ ಬೇಡ. ಬೇಲಿ ಕಡಿದು ಹುಚ್ಚೀರಯ್ಯನ ಹೊಲದ ನಡುವೆಯೇ ದಾರಿ ಬೇಕು. ಬೇಲಿ ನೆಟ್ಟವನು ಹುಚ್ಚೀರಯ್ಯನ ಅಪ್ಪ ಲಿಂಗಯ್ಯ. ಅವನು ಸತ್ತ ವರ್ಷವೇ ಮಗ ಸ್ಲೇಟು ಬಿಟ್ಟು ನೇಗಿಲು ಹಿಡಿದದ್ದು. ಹುಣಸೆಮರದ ಮೇಲಕ್ಕೂ ಹತ್ತಿ ಹಬ್ಬಿದ್ದ ಆ ಸೀಗೆಯ ಸಂದಿನಲ್ಲಿ ದನವಿರಲಿ, ನಾಯಿಯೂ ನುಸುಳುತ್ತಿರಲಿಲ್ಲ. ಮಳೆಗಾಲದಲ್ಲಿ ಅವ್ವ ದೇವಿರಮ್ಮ ಎಳೆ ಕುಡಿ ಚಿವುಟಿ ಗೊಜ್ಜು ಮಾಡಿದರೆ ಮುದ್ದೆ ತಾನಾಗಿ ಗಂಟಲಿಳಿಯುತ್ತಿತ್ತು. ಬೇಸಗೆಯಲ್ಲಿ ಕಾಯಿ ಕುಟ್ಟಿದರೆ ಊರಿನವರ ತಲೆಗೆಲ್ಲ ಅದೇ.

“ಬೇಲಿ ಮುಟ್ಟಿದ್ ಕೈ ವಾಪಸ್ ಓಗಕಿಲ್ಲ,” ಎಂದ ಹುಚ್ಚೀರಯ್ಯ.

“ನಾಳಿದ್ದು ಆಳ್ ಕಳಿಸ್ತೀನಿ. ಅದೆಂಗ್ ತಡೀತೀಯೋ ತಡಿ.”

ಮಾರನೆಯ ದಿನ ಹೊನ್ನಯ್ಯನ ಮನೆಯಲ್ಲಿ ಬಾಣಂತಿಯ ಸ್ನಾನ. ಮಗಳು ಮಂಗಳಮ್ಮನ ತಲೆಗೆ ಹರಳೆಣ್ಣೆ ತಟ್ಟಿದ್ದ ಸೂಲಗಿತ್ತಿ ಬೆಳ್ಳಮ್ಮ ಸೀಗೆಪುಡಿ ಕೇಳಿದಳು. ಸೀಗೆ ಗೀಗೆ ಬಡವರಿಗೆ ಎಂದು ಬೀಗುತ್ತಿದ್ದ ಹೊನ್ನಯ್ಯ, ಮಹಾಯುದ್ಧದಿಂದಾಗಿ ಪೇಟೆಯಲ್ಲಿ ಸಾಮಾನು ಸಿಗದ ಆ ದಿನಗಳಲ್ಲೂ ಮೈಸೂರಿನಿಂದ ತರಿಸಿದ್ದ ಸೋಪು ಕಳಿಸಿದ. ಅವರ ಬಾವಿಯದು ಗಡಸು ನೀರು. ಸೋಪು ನೊರೆಯಾಗದೆ ಎಣ್ಣೆಯೊಡನೆ ಸೇರಿ ಒಡೆದ ಹಾಲಿನಂತಾಗಿ ಕೂದಲೆಲ್ಲ ಗಂಟುಗಟ್ಟಿತು.

“ಏನ್ ಸೋಪಪ್ಪ ಇದು, ಹಲಸಿನ್ ಮೇಣ!” ಬೆಳ್ಳಮ್ಮ ಬಚ್ಚಲಿಂದಲೇ ಕೂಗಿದಳು. “ಹಸಿಮೈಯೋಳು ನಡುಗ್ತಾವ್ಳೆ. ದೇವಿರವ್ವ ಹೊಸ ಪುಡಿ ಕುಟ್ಟವ್ಳೆ, ಓಗಿ ತನ್ನಿ!”

ಬೇರೆಯವರ ಮನೆಗಳಲ್ಲಿ ಹಳೇ ಪುಡಿ ಮುಗಿದಿತ್ತು. ಹೊನ್ನಯ್ಯ ಆಳು ಕರಿಯಯ್ಯನ ಮುಖ ನೋಡಿದ.

“ನೀವ್ ನೆನ್ನೆ ಅಂಗಂದ್ಬುಟ್ಟು, ಇವತ್ತು ನಾನೋಗಿ ಕೇಳ್ಲಾ? ಒಲ್ಲೆ ಬುದ್ದಿ.”

ಹೊನ್ನಯ್ಯನೇ ಬರಬೇಕಾಯಿತು. ಕಟ್ಟೆಯ ಮೇಲೆ ನಿನ್ನೆ ನಕ್ಕವರೇ ಕೂತಿದ್ದರು. ಹುಚ್ಚೀರಯ್ಯ ಕುಡುಗೋಲು ಹಿಡಿದು ಬೇಲಿ ಸವರುತ್ತಿದ್ದ.

“ವಸಿ ಸೀಗೆಪುಡಿ ಕೊಡ್ಲಾ. ಮಂಗಳಿ ಒದ್ದೆ ತಲೇಲಿ ಕುಂತವ್ಳೆ.”

ನಿನ್ನೆಯಿಂದ ಮಸೆದಿಟ್ಟ ಮಾತುಗಳೆಲ್ಲ ಹುಚ್ಚೀರಯ್ಯನ ನಾಲಿಗೆಯ ತುದಿಗೆ ಬಂದವು. ಆದರೆ ಮಂಗಳಿ ಚಿಕ್ಕಂದಿನಲ್ಲಿ “ಅಣ್ಣಾ, ಕುಡಿ ಕೊಡಣ್ಣಾ” ಎಂದು ಇದೇ ಬೇಲಿಗೆ ಬಂದು ನಿಲ್ಲುತ್ತಿದ್ದವಳು. ಅವನು ಬೇಲಿ ಪಕ್ಕದ ತನ್ನ ಮನೆಗೆ ಹೋಗಿ ಬಟ್ಟೆಯಲ್ಲಿ ಪುಡಿ ಕಟ್ಟಿ ತಂದ.

ಹೊನ್ನಯ್ಯ ಕೈ ಚಾಚಿದ. ಹುಚ್ಚೀರಯ್ಯ ಕೊಡಲಿಲ್ಲ.

“ಸೀಗೆಪುಡಿ ಕೈಯಿಂದ್ ಕೈಗೆ ಕೊಟ್ರೆ ಜಗಳ ಆಯ್ತದೆ. ನಿಮ್ಗೆ ಗೊತ್ತಿಲ್ವಾ ಗೌಡ್ರೇ?”

ಎಂದವನೇ ಗಂಟನ್ನು ಬೇಲಿಯ ಬುಡದಲ್ಲಿ, ನೆಲದ ಮೇಲಿಟ್ಟು ಹಿಂದೆ ಸರಿದ. ಉಪ್ಪಿನ ಹಾಗೆ ಸೀಗೆಯನ್ನೂ ಕೆಳಗಿಟ್ಟೇ ಕೊಡುವುದು ಊರಿನ ಪದ್ಧತಿ. ಹೊನ್ನಯ್ಯ ಸೊಂಟ ಬಗ್ಗಿಸಿದ. ಏಳುವಾಗ ಸೀಗೆಮುಳ್ಳು ಅವನ ರುಮಾಲು ಕಿತ್ತುಕೊಂಡಿತು. ಬೋಳು ತಲೆ ಬಿಸಿಲಿಗೆ ಬಿತ್ತು.

“ಪಂಚೆ ಅಲ್ಲ ಕಣ್ರಪ್ಪೋ, ಈ ಸಲ ರುಮಾಲು!” ಎಂದ ಕಟ್ಟೆಯ ಮೇಲಿನ ಮರಿಸಿದ್ದಯ್ಯ. ನಿನ್ನೆಯ ನಗುವೇ ಇವತ್ತು ಹೊನ್ನಯ್ಯನ ಕಡೆ ತಿರುಗಿತು.

ಹೊನ್ನಯ್ಯ ಒಂದೊಂದೇ ಮುಳ್ಳು ಬಿಡಿಸಿ ರುಮಾಲು ತೆಗೆದುಕೊಂಡ. ಗಂಟನ್ನು ಎದೆಗೊತ್ತಿಕೊಂಡು ತಗ್ಗಿದ ದನಿಯಲ್ಲಿ ಹೇಳಿದ:

“ಬೇಲಿ ಇರ್ಲಿ ಬುಡು. ಗಾಡಿ ಸುತ್ಕಂಡೇ ಓಯ್ತವೆ. ಈಗಾದ್ರೂ ಸಿಟ್ಟು ಇಳೀತೇನ್ಲಾ?”

ಹುಚ್ಚೀರಯ್ಯ ಕುಡುಗೋಲನ್ನು ಹೆಗಲಿಗೆ ಸಿಕ್ಕಿಸಿಕೊಂಡು, ಬದುವಿನ ಮೇಲೆ ಹಾಯಾಗಿ ಹೆಜ್ಜೆ ಹಾಕುತ್ತ ಹೊಲದ ಕಡೆ ನಡೆದ.