ಮೂವತ್ತೇಳನೇ ಕಾರ್ಡಿನ ಮೂಲೆ

ಹಳೇ ಕಾರ್ಡು ಕೊಳ್ಳುವ ಸಂಗಯ್ಯ ಹುಬ್ಬಳ್ಳಿಯಿಂದ ಬಂದಾಗ ಮಮತಾ ಸಿರ್ಸಿಯ ವಖಾರಿಯಲ್ಲಿ ಅಡಿಕೆ ಆರಿಸುತ್ತಿದ್ದಳು. ಊಟದ ಬಿಡುವಿನಲ್ಲಿ ಬಿಸ್ಕತ್ತಿನ ಡಬ್ಬಿ ತಂದು ಅವನ ಮುಂದಿಟ್ಟಳು.

ಒಳಗೆ ಅರವತ್ನಾಲ್ಕು ಕ್ರಿಕೆಟ್ ಕಾರ್ಡು. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬಬಲ್ ಗಮ್ಮಿಗೆ ಒಂದು ಬರುತ್ತಿತ್ತು. ಊರಿನ ಹುಡುಗರು ನೆಲಕ್ಕೆ ಬಡಿದು ಆಡಿ ಹರಿದು ಹಾಕಿದರು. ಇವಳು ಆಡಲಿಲ್ಲ. ಸಿಗದ ವಸ್ತುವಿಗೆ ಬೆಲೆ ಬಂದೇ ಬರುತ್ತದೆ ಎಂದು ಆಗಲೇ ಹಟ ಹಿಡಿದಿದ್ದಳು. ಪ್ರತಿ ಮಳೆಗಾಲಕ್ಕೆ ಡಬ್ಬಿಯೊಳಗೆ ತೇವ ಹೀರಲು ಇಟ್ಟ ಇದ್ದಿಲ ಗಂಟು ಬದಲಿಸುತ್ತ ಇಪ್ಪತ್ತೆಂಟು ವರ್ಷ ಕಾದಳು. "ನಿನ್ನ ಬ್ಯಾಂಕಿನಲ್ಲಿ ಬಡ್ಡಿ ಎಷ್ಟೇ?" ಎಂದು ಅಣ್ಣ ನಗುತ್ತಿದ್ದ. ಈಗ ಫೋನಿನಲ್ಲಿ ಕುದುರಿದ ಬೆಲೆ, ಒಂದು ಮೂಲೆಯೂ ಮಡಚಿರದಿದ್ದರೆ, ಇಡೀ ಸೆಟ್ಟಿಗೆ ನಲವತ್ತು ಸಾವಿರ. ಅದರಲ್ಲಿ ಒಂದು ಹಳೇ ಸ್ಕೂಟರ್ ಬರುತ್ತದೆ. ದಿನಾ ಸಂಜೆ ಮನೆಗೆ ಹೋಗಲು ಕಾನಸೂರಿನ ಬಸ್ಸಿಗೆ ಕಾಯುವುದು ತಪ್ಪುತ್ತದೆ.

ಸಂಗಯ್ಯ ಒಂದೊಂದೇ ನೋಡಿದ. ಮೂವತ್ತೇಳನೆಯದನ್ನು ಎತ್ತಿಕೊಂಡು ಬೆಳಕಿನ ಕಡೆ ತಿರುಗಿದ. ಬೆನ್ನು ಇವಳಿಗೆ.

"ಅಕ್ಕಾರ, ಈ ಮೂಲಿ ಹೋಗೇತಿ ನೋಡ್ರಿ. ಒಂದು ಹೋದ್ರ ಸೆಟ್ಟೇ ಹೋದಂಗ. ಹದಿನೈದು ಮಾಡೋಣ್ರಿ."

ಮಮತಾ ಕಾರ್ಡು ಕಿತ್ತುಕೊಂಡಳು. ಇಪ್ಪತ್ತು ವರ್ಷ ಅಡಿಕೆ ಆರಿಸಿದ ಕಣ್ಣು. ಹಳೇ ಬಿರುಕಿನಲ್ಲಿ ಕಪ್ಪು ಕೂತಿರುತ್ತದೆ. ಈ ಮಡಿಕೆ ಸುಣ್ಣದಷ್ಟು ಬಿಳಿ.

"ಇದು ಈಗ ಮುರಿದದ್ದು. ನಿಮ್ಮ ಕೈ ತೋರಿಸಿ."

"ಏನ್ ಮಾತಾಡ್ತೀರಿ ನೀವು?"

"ತೋರಿಸಿ ಮಾರಾಯ್ರೇ! ಹೆಬ್ಬೆರಳಿಗೆ ಮಾತ್ರ ಉಗುರು ಬಿಟ್ಟಿದ್ದು ಎಂತಕ್ಕೆ? ಕಿವಿ ತುರಿಸೂಕಾ?"

ಸಂಗಯ್ಯ ಕೈ ಜೇಬಿಗೆ ಹಾಕಿದ. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ತಿಮ್ಮಿಗೆ ನಗುವಾಗ ಅನ್ನ ನೆತ್ತಿಗೇರಿತು. ವಖಾರಿಯ ಯಜಮಾನ ಶಾಂತಾರಾಮ ಎದ್ದು ಬಂದರು.

"ಹೋಗ್ಲಿ ಬಿಡೇ. ಕಾಗದದ ಚೂರಿಗೆ ಹದಿನೈದು ಸಾವಿರ ಯಾರು ಕೊಡ್ತಾರೆ?"

"ವ್ಯಾಪಾರಿ ನೋಡೂಕೆ ಒಡೆದ ಅಡಿಕೆಯ ನಷ್ಟ ವ್ಯಾಪಾರಿಗೇ ಅಂತ ಹೋದ ವಾರ ಇಲ್ಲೇ ನಿಂತು ಕೂಗಿದ್ರಲ್ಲ ಒಡೆಯಾ? ಅದು ನಿಮ್ಮ ಅಡಿಕೆಗೆ ಮಾತ್ರವಾ?"

ಶಾಂತಾರಾಮ ತಿರುಗಿ ಹೋಗಿ ಕೂತರು. ಸಂಗಯ್ಯ ಇಪ್ಪತ್ತೆಂದ, ಇಪ್ಪತ್ತೈದೆಂದ. ತಪ್ಪಾಯಿತು ಎನ್ನಲಿಲ್ಲ.

ಇನ್ನು ಅದಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ ಎಂದು ಮಮತಾಳಿಗೆ ಗೊತ್ತಿತ್ತು. ಡಬ್ಬಿ ಮುಚ್ಚಿದಳು.

"ನಲವತ್ತು. ಇಲ್ಲದಿದ್ರೆ ಬಸ್ ಸ್ಟ್ಯಾಂಡ್ ಆ ಕಡೆ."

ಅವನು ಹೋದ.

ಸಂಜೆ ಕಾನಸೂರಿನ ಬಸ್ಸು ಮುಕ್ಕಾಲು ಗಂಟೆ ತಡ. ಜೊತೆಗೆ ನಿಂತಿದ್ದ ತಿಮ್ಮಿ ಕೇಳಿದಳು, "ಇನ್ನೊಬ್ಬ ಬಂದ್ರೆ ಎಂತ ಮಾಡ್ತೆ?"

"ಮುರಿದ ಮೂಲೆ ನಾನೇ ಮೊದಲು ತೋರಿಸ್ತೆ. ಉಳಿದ ಅರವತ್ಮೂರು ನನ್ನ ಕೈಯಲ್ಲೇ ನೋಡ್ಲಿ. ಮುಟ್ಟೂಕೆ ಕೊಡೂದಿಲ್ಲ."