ಅಜ್ಜಿಯ ಪಕ್ಕ ಯಾರಿದ್ದರು

ವಿ, ಮೋ, ಚ, ನೆ, ಮಗು ಅಕ್ಷರ ಕೂಡಿಸಿಕೊಂಡು ಓದುತ್ತಿದೆ, ಇಂಗ್ಲಿಷ್ ಶಾಲೆಯ ಮಗು, ದೇವಾಲಯದಲ್ಲಿ ಹಂಚಿದ ಹಳದಿ ಹಾಳೆಯನ್ನು ಮೂಗಿನ ಹತ್ತಿರ ಹಿಡಿದಿದೆ, ಈ ವಾರ ಮನೆಮಂದಿಯೆಲ್ಲ ಒಟ್ಟಿಗೆ ಕೂತು ವಿಮೋಚನೆಯ ಬಗ್ಗೆ ಧ್ಯಾನಿಸಬೇಕಂತೆ, ಕ್ರಿಸ್ಮಸ್ ಅಂದರೆ ಕಜ್ಜಾಯ, ಹೊಸ ಬಟ್ಟೆ ಅಷ್ಟೇ ಅಲ್ಲ ಅಂತ ಅಯ್ಯನವರು ಭಾನುವಾರ ಪ್ರಸಂಗದಲ್ಲಿ ಹೇಳಿದರು, ನನ್ನ ಬೆರಳಲ್ಲಿ ಇನ್ನೂ ಕಜ್ಜಾಯದ ಎಣ್ಣೆಯ ವಾಸನೆ, ಎಷ್ಟು ಸೋಪು ಹಾಕಿದರೂ ಹೋಗಿಲ್ಲ, ಸಂಜೆ ಆರೂವರೆ, ಬನ್ನಿಮಂಟಪದ ಈ ಮನೆಯ ಹಜಾರದಲ್ಲಿ ನಾವು ನಾಲ್ಕೇ ಜನ, ಕುರ್ಚಿಯಲ್ಲಿ ಇವರು, ಕೈ ಕಟ್ಟಿ, ಕಣ್ಣು ಮುಚ್ಚಿ, ಪ್ರಾರ್ಥನೆಯೋ ತೂಕಡಿಕೆಯೋ, ನಲವತ್ತು ವರ್ಷ ಸಂಸಾರ ಮಾಡಿದ ನನಗೂ ಗೊತ್ತಾಗುವುದಿಲ್ಲ, ಚಾಪೆಯ ಮೇಲೆ ಮಗಳು ಸೌಮ್ಯ, ಮೊನ್ನೆ ಹಾಸನದಿಂದ ರಜಕ್ಕೆ ಬಂದವಳು, ಅವಳ ತೊಡೆಗೆ ಒರಗಿ ಅವಳ ಮಗಳು ಈ ಲಹರಿ, ಕಿಟಕಿಯ ಕೆಳಗೆ ಕ್ರಿಸ್ಮಸ್ ಮರ — ಅಲ್ಲೇ ಅತ್ತೆಯ ಮಂಚ ಇದ್ದದ್ದು, ಪ್ರತಿ ವರ್ಷ ಮರ ಇಡುವಾಗ ಬೇರೆ ಮೂಲೆ ಹುಡುಕುತ್ತೇನೆ, ಪ್ರತಿ ವರ್ಷ ಇವರು ಅಲ್ಲೇ ಇಡು, ಪ್ಲಗ್ಗು ಹತ್ತಿರ ಅಂತಾರೆ, ಅಜ್ಜಿ, ವಿಮೋಚನೆ ಅಂದ್ರೆ ಏನು, ಬಿಡುಗಡೆ ಕಣಮ್ಮ, ಯಾವ್ದರಿಂದ, ಪಾಪದಿಂದ, ಹನ್ನೊಂದು ವರ್ಷ ಸಂಡೇ ಸ್ಕೂಲಿನಲ್ಲಿ ಇದನ್ನೇ ಹೇಳಿಕೊಟ್ಟವಳು ನಾನು, ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ, ನಮ್ ಟೀಚರ್ ಬೇರೆ ಥರ ಹೇಳಿದ್ರು ಅಜ್ಜಿ, ತಪ್ಪು ಮಾಡೋರು ಒಬ್ರು, ಅದನ್ನ ಹೊತ್ಕೊಳ್ಳೋರು ಇನ್ನೊಬ್ರು, ಹೊತ್ಕೊಂಡೋರು ನಾನಲ್ಲ ಅಂತ ಬಾಯೇ ಬಿಡಲ್ವಂತೆ, ಇಲ್ಲಿ ಪ್ರಶ್ನೇನೂ ಇದೆ ನೋಡಿ, ನಿಮ್ಮ ಮನೆಯಲ್ಲಿ ಯಾರಾದರೂ ಇನ್ನೊಬ್ಬರ ತಪ್ಪನ್ನು ಹೊತ್ತಿದ್ದಾರೆಯೇ, ಯಾರಜ್ಜಿ, ನಮ್ಮನೇಲಿ ಯಾರು, ಮಗುವಿನ ಜಡೆ ಬಿಚ್ಚುತ್ತಿದ್ದ ಸೌಮ್ಯ ಬಿಚ್ಚುತ್ತಲೇ ಇದ್ದಾಳೆ, ತಲೆ ಎತ್ತಲಿಲ್ಲ, ಅವಳ ಬೆರಳು ಮಾತ್ರ ಒಂದು ಗಳಿಗೆ ನಿಂತಿತು, ನಾನು ನೋಡಿದೆ.

ಇಪ್ಪತ್ತೆರಡು ವರ್ಷ, ಅದೂ ಡಿಸೆಂಬರೇ, ಕ್ಯಾರಲ್ಸಿನ ಅಭ್ಯಾಸ ನಡೆಯುತ್ತಿತ್ತು, ಒಂದು ಹಾಡಿನ ಎರಡನೆಯ ಚರಣ ನಾನೊಬ್ಬಳೇ ಹಾಡಬೇಕಿತ್ತು, ಎಲ್ಲರ ನಡುವೆ ನನ್ನ ಗಂಟಲು ಒಂದೇ ಏರುವ ಆ ನಾಲ್ಕು ಸಾಲು, ಅಷ್ಟಕ್ಕೆ ವರ್ಷವೆಲ್ಲ ಕಾದಿದ್ದೆ, ಅತ್ತೆಗೆ ಲಕ್ವ ಹೊಡೆದು ಒಂಬತ್ತು ತಿಂಗಳಾಗಿತ್ತು, ಮಾತು ತೊದಲು, ಬಲಗಾಲು ಸ್ವಾಧೀನವಿಲ್ಲ, ಆದರೂ ಎದ್ದು ನಡೆಯುತ್ತೇನೆ ಅನ್ನುವ ಹಟ, ಅಮ್ಮನ್ನ ಒಬ್ರನ್ನೇ ಬಿಟ್ಟು ಎಲ್ಲೂ ಹೋಗ್ಬೇಡ ಕಣೆ ಅಂತ ಇವರು ಬೆಳಿಗ್ಗೆ ತಾನೇ ಹೇಳಿದ್ದರು, ಮಧ್ಯಾಹ್ನ ಊಟಕ್ಕೆ ಬಂದು ಆಫೀಸಿಗೆ ಹೊರಟರು, ನಾನು ಒಳಗೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ, ಅತ್ತೆಯ ಗೊರಕೆ ಕೇಳುತ್ತಿತ್ತು, ಒಂದು ಗಂಟೆ ತಾನೇ ಅಂದುಕೊಂಡೆ, ಹೊರಗಿನಿಂದ ಚಿಲಕ ಹಾಕಿ ದೇವಾಲಯಕ್ಕೆ ಹೋದೆ, ಒಂದು ಗಂಟೆ ಹೋಗಿ ಎರಡೂವರೆ ಗಂಟೆ ಆಯಿತು, ಇನ್ನೊಂದ್ಸಲ ಹಾಡಮ್ಮ ಕೃಪಾ, ಚೆನ್ನಾಗಿ ಬಂತು ಅಂದರು ಹಾಡು ಕಲಿಸುವವರು, ಹಾಡಿದೆ — ಬಾಗಿಲು ತೆಗೆದಾಗ ಅತ್ತೆ ನೆಲದ ಮೇಲೆ, ಎಡಗೈ ಮಂಚದ ಕಾಲು ಹಿಡಿದಿತ್ತು, ಸೀರೆ ಒದ್ದೆ, ಕೂಗಿ ಕೂಗಿ ದನಿ ಬತ್ತಿಹೋಗಿ ತುಟಿ ಮಾತ್ರ ನೀರು ನೀರು ಅನ್ನುತ್ತಿತ್ತು, ತಲೆ ಎತ್ತಿ ನೀರು ಕುಡಿಸುತ್ತಿದ್ದ ಹಾಗೇ ಹೊರಗೆ ಇವರ ಸ್ಕೂಟರಿನ ಸದ್ದು, ಇವರು ಒಳಗೆ ಕಾಲಿಡುವ ಮೊದಲೇ ಮಾತು ಹೊರಬಿತ್ತು, ಸೌಮ್ಯನ್ನ ಪಕ್ಕದಲ್ಲಿ ಕೂರಿಸಿ ಹೋಗಿದ್ದೆ ಕಣ್ರೀ, ಅಜ್ಜಿನ ಬಿಟ್ಟು ಎಲ್ಲೋ ಆಡಕ್ಕೆ ಹೋಗ್ಬುಟ್ಟಿದಾಳೆ, ಎಲ್ಲಿಂದ ಬಂತು ಆ ಮಾತು, ಯೋಚಿಸಿದ್ದಲ್ಲ, ದೇವರಾಣೆಗೂ ಯೋಚಿಸಿದ್ದಲ್ಲ, ಅಷ್ಟರಲ್ಲಿ ಬಾಗಿಲಲ್ಲಿ ಸೌಮ್ಯ, ಹದಿನೈದು ವರ್ಷ, ಎಲ್ಲೇ ಹೋಗಿದ್ದೆ ಅಜ್ಜಿನ ಬಿಟ್ಟು, ಇವರು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ ಆಮೇಲೂ ಕೇಳಿಲ್ಲ, ಅವಳು ಅಪ್ಪನನ್ನು ನೋಡಿದಳು, ನೆಲದ ಮೇಲಿದ್ದ ಅಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು, ನನ್ನ ಮುಖದಲ್ಲಿ ಏನು ಕಂಡಳೋ, ಮರ್ತುಬುಟ್ಟೆ ಅಪ್ಪ, ಅಂದಳು. ಸೊಂಟದ ಮೂಳೆ ಮುರಿದಿತ್ತು, ಅತ್ತೆ ಜನವರಿಯ ಎರಡನೇ ವಾರ ಹೋದರು, ಅಲ್ಲಿಯವರೆಗೂ ಪ್ರತಿ ರಾತ್ರಿ ಆ ಹುಡುಗಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದಳು, ಮಣ್ಣು ಮಾಡಿ ಬಂದ ದಿನ ಹೇಳೋಣ ಅಂದುಕೊಂಡೆ, ಈಸ್ಟರಿಗೆ ಹೇಳೋಣ ಅಂದುಕೊಂಡೆ, ಅವಳ ಪರೀಕ್ಷೆ ಮುಗಿಯಲಿ, ಮದುವೆ ಆಗಲಿ, ಹೆರಿಗೆ ಆಗಲಿ, ಪ್ರತಿ ಸಲ ದೇವಾಲಯದಲ್ಲಿ ಕರ್ತನ ಭೋಜನಕ್ಕೆ ಕೈ ಚಾಚುವಾಗ ಮುಂದಿನ ಸಲದೊಳಗೆ ಅಂದುಕೊಂಡೆ, ಕೈ ಚಾಚಿದೆ, ರೊಟ್ಟಿ ತಿಂದೆ, ದ್ರಾಕ್ಷಾರಸ ಕುಡಿದೆ, ಬಂಧುಗಳ ಬಾಯಲ್ಲಿ ಅವಳು ಅಜ್ಜಿನ ಬಿಟ್ಟುಹೋದ ಹುಡುಗಿ ಆದಳು, ಮದುವೆಯ ಹಿಂದಿನ ದಿನ ನನ್ನ ನಾದಿನಿ, ನಿಮ್ಮತ್ತೆನ್ನಾದ್ರೂ ಸರಿಯಾಗಿ ನೋಡ್ಕೊ ಕಣಮ್ಮ, ಆಡಕ್ಕೆ ಹೋಗ್ಬುಟ್ಟೀಯ, ಅಂದಳು, ಎಲ್ಲರೂ ನಕ್ಕರು, ಕೈ ತುಂಬ ಮೆಹಂದಿ ಹಾಕಿಸಿಕೊಂಡು ಕೂತಿದ್ದ ಸೌಮ್ಯನೂ ನಕ್ಕಳು, ನಾನೂ ನಕ್ಕೆ, ಆ ನಗು ಈಗಲೂ ನನ್ನ ಕಿವಿಯಲ್ಲಿದೆ, ಬೇರೆಯವರದಲ್ಲ, ನನ್ನದು.

ಅಜ್ಜಿ, ಹೇಳಿ, ಯಾರೂ ಇಲ್ವಾ ಹಂಗಾದ್ರೆ, ಇಲ್ಲ ಅಂತ ಬರ್ಕೊಳ್ಳಲಾ, ಮಗು ಪೆನ್ಸಿಲ್ ಎತ್ತಿಕೊಂಡಿತು, ಹಾಳೆಯ ಮೇಲೆ ಇ ಬರೆಯಿತು, ಆ ಒಂದಕ್ಷರ ನೋಡಿ ನನಗೆ ತಡೆಯಲಾಗಲಿಲ್ಲ, ಇದಾರೆ ಕಣಮ್ಮ, ನಿಮ್ಮಮ್ಮ, ಅಂದೆ, ಬೇಡಮ್ಮ ಅಂದಳು ಸೌಮ್ಯ, ಮೆಲ್ಲಗೆ, ಬೇಡ ಅಂದರೂ ಹೇಳಿದೆ, ಮರದ ಕಡೆ ನೋಡಿಕೊಂಡು ಹೇಳಿದೆ, ಅವತ್ತು ಅಜ್ಜಿ ಪಕ್ಕ ಯಾರೂ ಇರಲಿಲ್ಲ ಕಣ್ರೀ, ಸೌಮ್ಯಂಗೆ ನಾನು ಹೇಳೇ ಇರಲಿಲ್ಲ, ಚಿಲಕ ಹಾಕಿ ಹೋದೋಳು ನಾನು, ಹೇಳಿ ಮುಗಿಸಿದರೆ ಎದೆ ಹಗುರವಾಗುತ್ತೆ ಅಂತ ಎಷ್ಟು ಮಕ್ಕಳಿಗೆ ಪಾಠ ಮಾಡಿದ್ದೆನೋ, ಏನೂ ಆಗಲಿಲ್ಲ, ಹೊರಗೆ ಯಾರದೋ ಬೈಕು ಹೋಯಿತು, ಇವರು ಕೂಗಬಹುದು, ಎದ್ದು ಹೋಗಬಹುದು ಅಂತ ಕಾದೆ, ಇವರು ಕಣ್ಣು ಬಿಟ್ಟರು, ನನ್ನನ್ನು ನೋಡಲಿಲ್ಲ, ನಂಗೊತ್ತು ಕಣೆ, ಅಂದರು, ಅವತ್ತು ಊಟ ಆದ್ಮೇಲೆ ಇವಳನ್ನ ಟ್ಯೂಷನ್ನಿಗೆ ಬಿಟ್ಟು ಹೋದೋನು ನಾನೇ ಅಲ್ವಾ, ಸ್ಕೂಟರಲ್ಲಿ — ನನಗೆ ಅರ್ಥವಾಗಲು ಹೊತ್ತು ಹಿಡಿಯಿತು, ಗೆಳತಿಯ ಜೊತೆ ನಡೆದು ಹೋದಳು ಅಂತಲೇ ನಾನು ತಿಳಿದಿದ್ದೆ, ಅಂದರೆ ಗೊತ್ತಿದ್ದೇ ಕೂಗಿದರೇ, ಗೊತ್ತಿದ್ದೇ ಎಲ್ಲಿ ಹೋಗಿದ್ದೆ ಅಂತ ಕೇಳಿದರೇ, ಗೊತ್ತಿದ್ದೂ ಯಾಕ್ರೀ, ಅಂದೆ, ನಿನ್ನ ಸುಳ್ಳು ಹೊರಗೆ ಬಂದ್ರೆ ನಮ್ಮಕ್ಕಂದಿರು ನಿನ್ನನ್ನ ಈ ಮನೇಲಿ ಬಾಳಿಸ್ತಿದ್ರಾ, ಇವಳು ಮಗು, ಮರೀತಾಳೆ ಅಂದ್ಕೊಂಡೆ, ಅಂದರು, ಮುದುಕರ ದನಿ, ಯಾವಾಗ ಇಷ್ಟು ಮುದುಕರಾದರು, ಹತ್ತಿರ ಸರಿದು ಸೌಮ್ಯನ ಕೈ ಹಿಡಿದೆ, ಕ್ಷಮಿಸ್ಬುಡೆ, ಅಂದೆ, ಕ್ಷಮಿಸಿ ಯಾವ ಕಾಲ ಆಯ್ತಮ್ಮ, ಅದು ಕಷ್ಟ ಆಗಲಿಲ್ಲ ನಂಗೆ, ಬರ್ತಾ ಬರ್ತಾ ನಾನೇ ಬಿಟ್ಟುಹೋದೆ ಅಂತ ನಂಗೇ ಅನ್ನಿಸೋಕೆ ಶುರುವಾಯ್ತಲ್ಲ, ಅದು ಕಷ್ಟ ಆಯ್ತು, ಕೈ ಬಿಡಿಸಿಕೊಳ್ಳಲಿಲ್ಲ ಅವಳು, ಹಿಡಿಯಲೂ ಇಲ್ಲ, ಅಪ್ಪನ ಕಡೆ ತಿರುಗಿ, ನಿಮಗೆ ಗೊತ್ತು ಅನ್ನೋದು ನಂಗೆ ಗೊತ್ತಿತ್ತಪ್ಪ, ಇವತ್ತು ಹೇಳ್ತೀರ, ನಾಳೆ ಹೇಳ್ತೀರ ಅಂತ ಎರಡು ವರ್ಷ ಕಾದೆ, ಅಂದಳು, ಅಳಲಿಲ್ಲ, ಬಾಚಣಿಗೆ ಎತ್ತಿಕೊಂಡು ಮಗುವಿನ ತಲೆ ಬಾಚತೊಡಗಿದಳು, ಬಾಗಿಲಲ್ಲಿ ನಿಂತಿದ್ನಲ್ಲಮ್ಮ, ಬ್ಯಾಗ್ ಕೂಡ ಇಳಿಸಿರಲಿಲ್ಲ ನಾನು.

ಬ್ಯಾಗು. ಈಗ ಕಾಣಿಸುತ್ತಿದೆ, ಇಷ್ಟು ವರ್ಷ ಆ ಬಾಗಿಲನ್ನು ನೆನೆದಿದ್ದೇನೆ, ಆ ಮುಖವನ್ನು ನೆನೆದಿದ್ದೇನೆ, ಬ್ಯಾಗನ್ನು ನೋಡೇ ಇರಲಿಲ್ಲ, ಪುಸ್ತಕದ ಭಾರಕ್ಕೆ ಒಂದು ಹೆಗಲು ಇಳಿದಿದೆ, ಸ್ಕೇಲಿನ ತುದಿ ಹೊರಗೆ ಚಾಚಿದೆ, ಆಡಲು ಹೋದ ಹುಡುಗಿ ಪುಸ್ತಕ ಹೊತ್ತು ಹೋಗುತ್ತಾಳೆಯೇ, ಇವರ ಕೂಗು ಕೇಳಿ ಅಕ್ಕಪಕ್ಕದವರು ಬಂದು ನಿಂತರಲ್ಲ, ಅವರಿಗೆ ಕಾಣಿಸಲಿಲ್ಲವೇ, ಸಂಜೆ ಅತ್ತೆಗಾಗಿ ಪ್ರಾರ್ಥಿಸಲು ಅಯ್ಯನವರು ಬರುವವರೆಗೂ ಅವಳು ಹಾಗೇ ನಿಂತಿದ್ದಳೇ, ತಾತ, ಪ್ರಾರ್ಥನೆ ಮುಗೀತಾ, ಅಂತ ಲಹರಿ ಕೇಳುತ್ತಿದೆ, ಇವರು ಕರ್ತನೇ ಅಂದರು, ಮುಂದೆ ಹೋಗಲಿಲ್ಲ, ಇನ್ನೊಂದು ಸಲ ಕರ್ತನೇ ಅಂದರು, ಬಾಗಿಲಲ್ಲಿ ಹುಡುಗಿ, ಅಪ್ಪನನ್ನು ನೋಡುತ್ತಿದ್ದಾಳೆ, ಹೆಗಲಲ್ಲಿ ಬ್ಯಾಗು, ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಯಾರಾದರೂ ಇಳಿಸು ಅನ್ನಲಿ ಅಂತ ನಿಂತಿದ್ದಾಳೆ, ಬ್ಯಾಗು ಹೆಗಲಲ್ಲೇ